ಚಮಚದ ಅಳತೆಯೂ ಮಗುವಿನ ಪ್ರಾಣವೂ

ಚನ್ನಗಿರಿಯ ಅಡಕೆ ವರ್ತಕರು ತಕ್ಕಡಿಯ ಮುಳ್ಳು ಎಳ್ಳಿನಷ್ಟು ವಾಲಿದರೂ ಸಹಿಸತಕ್ಕವರಲ್ಲ. ಹೊನ್ನಾಳಿ, ನ್ಯಾಮತಿಗಳ ರೈತರು ಗದ್ದೆಗೆ ಗೊಬ್ಬರವನ್ನು ಲೆಕ್ಕವಿಟ್ಟೇ ಹಾಕುವರು. ಜಗಳೂರಿನ ಬೆದ್ದಲು ಸೀಮೆಯ ಹೆಂಗಸರು ನೀರನ್ನು ಕೊಡದ ಲೆಕ್ಕದಲ್ಲಿ ಎಣಿಸಬಲ್ಲರು. ಇಂಥ ಅಳತೆವಂತರ ಮನೆಗಳಲ್ಲಿಯೇ ಜ್ವರದಿಂದ ನರಳುವ ಕೂಸಿಗೆ ಔಷಧವನ್ನು ಕುಡಿಸುವಾಗ ಕೈಗೆ ಸಿಕ್ಕಿದ ಅಡಿಗೆಮನೆಯ ಚಮಚವೇ ಪ್ರಮಾಣವಾಗಿರುವುದು ವಿಷಾದಕರವಾದ ಸಂಗತಿ.

ಪ್ಯಾರಾಸಿಟಮಾಲ್ ಎಂಬ ಜ್ವರದ ಔಷಧವನ್ನು ಕ್ರಮವರಿತು ಕೊಟ್ಟರೆ ಭಯವಿಲ್ಲ. ಆದರೆ ಅದು ಬಗೆಬಗೆಯ ಸತ್ವದಲ್ಲಿ ದೊರೆಯುತ್ತದೆ. ಹನಿಯೌಷಧದ ಸೀಸೆಯಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ. ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 125 ಅಥವಾ 250 ಮಿಲಿಗ್ರಾಂ. 10 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ ಸಾಕು. ಸಿರಪ್ಪೆಂದು ಭ್ರಮಿಸಿ ಹನಿಯೌಷಧವನ್ನೇ 5 ಮಿಲಿಲೀಟರ್ ಕುಡಿಸಿದರೆ 500 ಮಿಲಿಗ್ರಾಂ ಒಮ್ಮೆಗೇ ಒಡಲು ಸೇರುವುದು. ಇದೇ ತಪ್ಪು ದಿನಕ್ಕೆ ನಾಲ್ಕು ಬಾರಿ ನಡೆದರೆ ಯಕೃತ್ತಿಗೆ ಕೇಡು ತಟ್ಟುವ ಭಯವುಂಟು. ಮೊದಲ ದಿನ ಮಗು ಆಡಿಕೊಂಡೇ ಇರಬಹುದು. ಕೇಡು ಹೊರಗೆ ಕಾಣುವುದು ಆಮೇಲೆ.

ಕೆಮ್ಮಿನ ಸಿರಪ್ಪಿನ ವಿಚಾರವಂತೂ ಇನ್ನೂ ಘೋರವಾದುದು. 1937ರಲ್ಲಿ ಅಮೆರಿಕದಲ್ಲಿ ಔಷಧವೊಂದರಲ್ಲಿ ಸೇರಿ ನೂರಕ್ಕೂ ಹೆಚ್ಚು ಜನರನ್ನು ಬಲಿಗೊಂಡ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷವೇ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣವನ್ನು ಹೀರಿತು. ಆ ಪಾಪವು ತಯಾರಿಸಿದವರದು, ಪರೀಕ್ಷಿಸದೆ ಬಿಟ್ಟವರದು, ಕುಡಿಸಿದ ತಾಯಂದಿರದಲ್ಲ. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಕೊಡಕೂಡದೆಂದೂ, 5 ವರ್ಷದೊಳಗಿನವರಿಗೆ ಅವು ಸಾಮಾನ್ಯವಾಗಿ ಯುಕ್ತವಲ್ಲವೆಂದೂ ಕೇಂದ್ರದ ಆರೋಗ್ಯಾಧಿಕಾರಿಗಳು ಆ ವರ್ಷದ ಅಕ್ಟೋಬರಿನಲ್ಲಿ ತಿಳಿಸಿದರು. ಎಳೆಯರ ಕೆಮ್ಮು ಬಹುಮಟ್ಟಿಗೆ ತಾನಾಗಿಯೇ ಇಳಿಯತಕ್ಕದ್ದು. ಉಸಿರಾಟವು ತೀವ್ರವಾದರೆ, ಎದೆಗೂಡು ಒಳಸೆಳೆದರೆ, ಮಗು ಹಾಲು ಬಿಟ್ಟರೆ, ಆಗ ಅಂಗಡಿಯಲ್ಲ, ಆಸ್ಪತ್ರೆಯೇ ಗತಿ.

ಇಲ್ಲಿ ಒಂದು ಮಾತನ್ನು ಕೇಳದೆ ಇರಲಾರೆವು. ಸೀಸೆಯ ಮೇಲಿನ ಬರಹ ಯಾರಿಗಾಗಿ? ಕುಡಿಸುವ ತಾಯಿ ಕನ್ನಡವನ್ನು ಬಲ್ಲವಳು. ಎಚ್ಚರಿಕೆಯು ಬಹುಪಾಲು ಇಂಗ್ಲೀಷಿನಲ್ಲಿದೆ. ಅವಳು ಓದಲಾರದ ಎಚ್ಚರಿಕೆ ಇದ್ದೂ ಇಲ್ಲದಂತೆಯೇ. ಪ್ರಮಾಣವನ್ನೂ ವೇಳೆಯನ್ನೂ ಕನ್ನಡದಲ್ಲಿ ಬರೆದುಕೊಡಬೇಕೆಂದು ವೈದ್ಯಮಹಾಶಯರನ್ನೂ ಔಷಧದಂಗಡಿಯವರನ್ನೂ ಪ್ರಾರ್ಥಿಸುತ್ತೇವೆ. ಸೀಸೆಯ ಮೇಲೆಯೇ ಕನ್ನಡವು ಅಚ್ಚಾಗುವಂತೆ ಸರ್ಕಾರದವರು ವಿಧಿಸಬೇಕು.

ಅಲ್ಲಿಯವರೆಗೆ ಗೃಹಿಣಿಯರು ಇಷ್ಟನ್ನಾದರೂ ಪಾಲಿಸಲಿ. ಸೀಸೆಯೊಡನೆ ಬಂದ ಅಳತೆಯ ಮುಚ್ಚಳವನ್ನೋ ಪಿಚಕಾರಿಯನ್ನೋ ಬಳಸತಕ್ಕದ್ದು. ಅಣ್ಣನಿಗೆ ಬರೆದುಕೊಟ್ಟು ಉಳಿದುದನ್ನು ತಂಗಿಗೆ ಕೊಡಬಾರದು. ಅಜ್ಜನ ಸಕ್ಕರೆಕಾಯಿಲೆಯ ಮಾತ್ರೆ ಕೂಸಿನ ಕೈಗೆ ಎಟುಕಬಾರದು. ಕೆಲವು ಬಗೆಯದು ಒಂದೇ ಒಂದಾದರೂ ಪ್ರಾಣಾಂತಿಕ. ಮಗು ಏನನ್ನಾದರೂ ನುಂಗಿದರೆ ವಾಂತಿಮಾಡಿಸದೆ, ಆ ಸೀಸೆಯನ್ನೇ ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ವಾಹನಕ್ಕೆ 108 ಉಂಟು.

ಅಡಕೆ ತಪ್ಪಿ ತೂಗಿದರೆ ಮರಳಿ ತೂಗಬಹುದು. ಕುಡಿಸಿದ ಔಷಧವನ್ನು ಮರಳಿ ಅಳೆಯಲಾದೀತೆ?