ಗ್ರೆಗೋರನ ಮನೆಯವರು

ಫ್ರಾನ್ಸ್ ಕಾಫ್ಕಾ 1912ರಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ‘ರೂಪಾಂತರ’ ಎಂಬ ಜರ್ಮನ್ ಕಥೆಯನ್ನು ನಮ್ಮಲ್ಲಿ ಹಲವರು ಓದಿರಬಹುದು. ಊರೂರು ತಿರುಗಿ ಬಟ್ಟೆಯ ವ್ಯಾಪಾರ ಕುದುರಿಸುತ್ತಿದ್ದ ಗ್ರೆಗೋರ್ ಸಾಮ್ಸಾ ಒಂದು ಮುಂಜಾನೆ ಕಣ್ತೆರೆದಾಗ ದೊಡ್ಡ ಕೀಟವಾಗಿರುತ್ತಾನೆ. ತಂದೆಯ ಸಾಲ ತೀರಿಸುತ್ತ ಮನೆಯನ್ನು ಸಾಕುತ್ತಿದ್ದವನು ಅವನೇ. ಹೀಗೇಕಾಯಿತೆಂದು ಕಥೆ ತಿಳಿಸುವುದಿಲ್ಲ. ಆದ ಮೇಲೆ ಮನೆಯವರು ಹೇಗೆ ನಡೆದುಕೊಂಡರೆಂಬುದೇ ಅದರ ವಸ್ತು. ಮಾನಸಿಕ ವ್ಯಾಧಿ, ಮದ್ಯವ್ಯಸನ, ಮರೆವಿನ ರೋಗ ನೆಲೆಸಿರುವ ಮನೆಗಳಿಗೆ ಹೋಗಿಬರುವ ಗುರುಗಳಿಗೆ ಇದು ಅಪರಿಚಿತವೆನಿಸದು.

ತಂದೆಯದು ಮೊದಲಿನಿಂದಲೂ ಕೋಪ. ಅವನು ಎಸೆದ ಸೇಬೊಂದು ಮಗನ ಬೆನ್ನಿನಲ್ಲಿ ನಾಟಿ ಅಲ್ಲಿಯೇ ಕೊಳೆಯುತ್ತದೆ. ತಾಯಿ ಮಗನನ್ನು ನೋಡಲು ಹಂಬಲಿಸುತ್ತಾಳೆ, ಕಂಡೊಡನೆ ಮೂರ್ಛೆ ಹೋಗುತ್ತಾಳೆ. ಆದರೂ ಕೋಣೆಯ ಪೀಠೋಪಕರಣಗಳನ್ನು ತೆಗೆದರೆ ಅವನು ಗುಣವಾಗುವ ಆಸೆಯನ್ನೇ ಬಿಟ್ಟಂತಾಗುವುದೆಂದು ಅರಿತವಳು ಆಕೆಯೇ.

ಹದಿನೇಳರ ತಂಗಿ ಗ್ರೇಟೆಯ ಪಾತ್ರ ಹೆಚ್ಚು ಗಮನಾರ್ಹ. ತಂದಿಟ್ಟ ಹಾಲನ್ನು ಅಣ್ಣ ಮುಟ್ಟದಿದ್ದಾಗ, ಅವನಿಗೆ ಯಾವುದು ರುಚಿಸುವುದೆಂದು ತಿಳಿಯಲು ಬಗೆಬಗೆಯ ತಿನಿಸುಗಳನ್ನು ಹಳೆಯ ಪತ್ರಿಕೆಯ ಮೇಲೆ ಹರಡುತ್ತಾಳೆ. ದಿನವೂ ಕೋಣೆ ಗುಡಿಸುತ್ತಾಳೆ. ಮುಂದೆ ಹಗಲು ಅಂಗಡಿಯ ದುಡಿಮೆ, ಸಂಜೆ ಶೀಘ್ರಲಿಪಿ ಹಾಗೂ ಫ್ರೆಂಚ್ ಅಭ್ಯಾಸವೂ ಸೇರಿಕೊಳ್ಳುತ್ತವೆ. ಕೊನೆಗೆ ‘ಇದನ್ನು’ ತೊಲಗಿಸಬೇಕೆಂದು ಮೊದಲು ನುಡಿಯುವವಳೂ ಅವಳೇ. ಅಣ್ಣನ ಹೆಸರನ್ನು ಆಗ ಅವಳು ಉಚ್ಚರಿಸಲೊಲ್ಲಳು.

ಅವಳನ್ನು ಕೃತಘ್ನೆಯೆಂದು ಪ್ರಬೋಧನೆಯಲ್ಲಿ ಖಂಡಿಸುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಸೇಬೆಸೆದ ತಂದೆ ಒಂದು ದಿನವೂ ಆ ಕೋಣೆ ಗುಡಿಸಿದವನಲ್ಲ. ಭಾರವನ್ನೆಲ್ಲ ಒಬ್ಬಳ ಹೆಗಲಿಗೆ ಬಿಟ್ಟವರು ಅವಳು ಕುಸಿದಾಗ ಆಡಿದ ಮಾತನ್ನು ಮಾತ್ರ ತೂಗುವುದು ನ್ಯಾಯವೇ? ಇತ್ತ ಗ್ರೆಗೋರನಿಗೆ ಗಾಯವಾದ ಬಳಿಕ, ಅಸಹ್ಯವನ್ನು ನುಂಗಿಕೊಂಡು ಅವನನ್ನು ಸಹಿಸುವುದೇ ಕುಟುಂಬಧರ್ಮವೆಂಬ ನೆಲೆಗೆ ಮನೆಯವರು ಬರುತ್ತಾರೆ. ಸಹಿಸುವುದಷ್ಟೇ, ಅವನೊಡನೆ ಮಾತನಾಡುವವರಿಲ್ಲ. ಹೊರಗಿನ ನೆರವೂ ಇಲ್ಲ. ಕರೆಸಿದ ವೈದ್ಯನನ್ನು ಮೊದಲ ದಿನವೇ ನೆಪ ಹೇಳಿ ಕಳುಹಿಸಿಬಿಡುತ್ತಾರೆ. ಧರ್ಮಗುರುವಂತೂ ಕಥೆಯಲ್ಲಿ ಬರುವುದೇ ಇಲ್ಲ!

ಮಾರ್ಕ 3:21ನ್ನು ಇದರ ಜೊತೆಗಿಟ್ಟು ಓದಬಹುದು. ಯೇಸುವಿಗೆ ಮತಿಭ್ರಮಣೆಯಾಗಿದೆಯೆಂದು ಅವರನ್ನು ಹಿಡಿದು ತರಲು ‘ಅವರ ಕಡೆಯವರು’ ಹೊರಡುತ್ತಾರೆ. ಗ್ರೀಕ್ ಮೂಲದ ಈ ನುಡಿಗಟ್ಟನ್ನು ಬಹುತೇಕ ಅನುವಾದಕರು ಬಂಧುಗಳೆಂದೇ ಗ್ರಹಿಸಿದ್ದಾರೆ. ಆ ಬಂಧುಗಳಲ್ಲಿ ಭಯವಿತ್ತು, ಮಾನದ ಚಿಂತೆಯಿತ್ತು, ಪ್ರೀತಿಯೂ ಇದ್ದಿರಬೇಕು. ಅಧ್ಯಾಯದ ಕೊನೆಯಲ್ಲಿ ಯೇಸು ಸುತ್ತ ಕುಳಿತವರನ್ನೇ ತಾಯಿ, ಸೋದರರೆನ್ನುತ್ತಾರೆ. ಈ ಮಾತನ್ನು ನಾವು ಸಾಮಾನ್ಯವಾಗಿ ರಕ್ತಸಂಬಂಧಕ್ಕಿಂತ ಶಿಷ್ಯತ್ವ ಮೇಲೆಂದು ವಿವರಿಸುತ್ತೇವೆ. ಅದರಲ್ಲಿ ಹೊಣೆಯೂ ಅಡಗಿದೆ: ಧರ್ಮಸಭೆ ಕುಟುಂಬವಾದರೆ, ಗ್ರೇಟೆಯ ಪೊರಕೆಯಲ್ಲಿ ಅದಕ್ಕೂ ಪಾಲುಂಟು.

ಗ್ರೆಗೋರ್ ಸತ್ತ ಮುಂಜಾನೆ ತಂದೆ ದೇವರಿಗೆ ಕೃತಜ್ಞತೆ ಹೇಳಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ. ಮೂವರು ಹೆಂಗಸರು ಅನುಸರಿಸುತ್ತಾರೆ. ಕಥೆಯ ಈ ಸಾಲುಗಳನ್ನು ಕೇವಲ ಬೂಟಾಟಿಕೆಯೆಂದು ತಳ್ಳಿಹಾಕಲಾಗದು. ದೀರ್ಘ ರೋಗದ ಅಂತ್ಯದಲ್ಲಿ ಇಂಥದೇ ನಿಟ್ಟುಸಿರನ್ನು ನಾವು ಅಂತ್ಯಕ್ರಿಯೆಗಳಲ್ಲಿ ಕೇಳಿದ್ದೇವೆ. ಕೆಲವರು ವರ್ಷಗಳ ನಂತರ ಅದನ್ನು ಪಾಪನಿವೇದನೆಗೂ ತರುತ್ತಾರೆ. ಆಗ ದ್ವೇಷವೆಂದು ಗದರಿಸುವ ಮುನ್ನ, ಅವರ ಜೊತೆ ಆ ಕೋಣೆಗೆ ಇನ್ನಾರು ಹೋಗುತ್ತಿದ್ದರೆಂದು ಕೇಳಬೇಕು. ರೋಗಿಗೆ ಪರಮಪ್ರಸಾದ ಒಯ್ದ ದಿನವೇ ಬಾಗಿಲು ತೆರೆದವಳು ಸರಿಯಾಗಿ ನಿದ್ರಿಸಿ ಎಷ್ಟು ದಿನವಾಯಿತೆಂದು ವಿಚಾರಿಸುವುದು ಇನ್ನೂ ಒಳಿತು.