ಸಣ್ಣ ಟ್ರ್ಯಾಕ್ಟರ್ ಕೊಳ್ಳುವ ಮೊದಲು ಸಾಲು ಅಳೆಯಿರಿ

ಕಲ್ಯಾಣ ನಗರದಲ್ಲಿ ಇರುವ ನಮಗೆ ಟ್ರ್ಯಾಕ್ಟರ್ ಎಂದರೆ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆದು ತರುವ ಗಾಡಿ. ಅದಕ್ಕಿಂತ ಚಿಕ್ಕದಾದ, ತೋಟದ ಸಾಲುಗಳ ನಡುವೆ ಓಡಾಡುವ ಟ್ರ್ಯಾಕ್ಟರ್‌ಗಳೂ ಇವೆ. ಸುಮಾರು 30 ಎಚ್‌ಪಿಗಿಂತ ಕಡಿಮೆ ಇರುವ ಇವನ್ನು ಮಿನಿ ಅಥವಾ ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಎನ್ನುತ್ತಾರೆ. ಶಿಡ್ಲಘಟ್ಟದ ಹತ್ತಿರ ಮೂರು ಎಕರೆ ಹಿಪ್ಪುನೇರಳೆ ತೋಟ ಇರುವ ನಮ್ಮ ಮಾಮು ಇಂಥದ್ದೊಂದನ್ನು ಕೊಳ್ಳಬೇಕೆಂದಿದ್ದಾರೆ. ಬಡ್ಡಿ ಸಾಲ ಬೇಡವೆಂದು ಗೂಡು ಮಾರಿದ ಹಣವನ್ನು ನಾಲ್ಕು ವರ್ಷದಿಂದ ಕೂಡಿಡುತ್ತಿದ್ದಾರೆ. "ಕಾಮರ್ಸ್ ಓದ್ತಿದ್ದೀಯಲ್ಲ, ಯಾವುದು ಲಾಭ ಲೆಕ್ಕ ಹಾಕಿ ಹೇಳು" ಎಂದರು. ಅದಕ್ಕಾಗಿ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅಗಲ

ಹಿಪ್ಪುನೇರಳೆಯನ್ನು ಜೋಡಿ ಸಾಲಿನಲ್ಲಿ ನೆಡುತ್ತಾರೆ. ಎರಡು ಸಾಲುಗಳ ನಡುವೆ 3 ಅಡಿ, ಒಂದು ಜೋಡಿಗೂ ಇನ್ನೊಂದು ಜೋಡಿಗೂ ನಡುವೆ 5 ಅಡಿ. ಟ್ರ್ಯಾಕ್ಟರ್ ಓಡುವುದು ಈ 5 ಅಡಿಯಲ್ಲಿ. ಎರಡೂ ಕಡೆ ಗಿಡಕ್ಕೆ ತಾಗಬಾರದೆಂದರೆ ಗಾಡಿಯ ಅಗಲ 4 ಅಡಿ ದಾಟಬಾರದು. ಒಂದು ಟಯರಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿನವರೆಗೆ ಟೇಪ್ ಹಿಡಿದು ಅಳೆಯಬೇಕು. ಹಿಂದೆ ಕಟ್ಟುವ ರೋಟವೇಟರ್‌ನ ಅಗಲವನ್ನೂ ನೋಡಬೇಕು. ಇಲ್ಲಿ ಹೊಂದದಿದ್ದರೆ ಎಷ್ಟು ಒಳ್ಳೆಯ ಕಂಪನಿಯಾದರೂ ಪ್ರಯೋಜನವಿಲ್ಲ.

ಬ್ರ್ಯಾಂಡ್‌ಗಳ ಹೋಲಿಕೆ

ವಿಎಸ್‌ಟಿ ನಮ್ಮ ಬೆಂಗಳೂರಿನ ಕಂಪನಿ. 1967ರಲ್ಲಿ ಆರಂಭವಾಗಿ, ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಕೆ.ಆರ್. ಪುರದ ಆಚೆ ಮಹದೇವಪುರದಲ್ಲಿ ಪವರ್ ಟಿಲ್ಲರ್ ತಯಾರಿಸಿ ಹೆಸರಾಯಿತು. ಇದರ ಎಂಟಿ 180ಡಿ ಮಾದರಿ 18.5 ಎಚ್‌ಪಿ, ಮೂರು ಸಿಲಿಂಡರ್. ಮಹೀಂದ್ರ ಯುವರಾಜ್ 215 ಮತ್ತು ಸ್ವರಾಜ್ 717 ಎರಡೂ 15 ಎಚ್‌ಪಿ, ಒಂದೇ ಸಿಲಿಂಡರ್. ಸ್ವರಾಜ್ ಕೂಡ ಈಗ ಮಹೀಂದ್ರದ್ದೇ. ಕುಬೋಟ ಬಿ2441 ಎಂಬುದು 24 ಎಚ್‌ಪಿ, ಮೂರು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುತ್ತದೆ. ಮಹೀಂದ್ರ 2023ರ ಆಗಸ್ಟ್‌ನಲ್ಲಿ ತಂದ ಓಜ ಸರಣಿಯೂ ನಾಲ್ಕು ಚಕ್ರ ಚಾಲನೆಯದು.

ಒಂದು ಸಿಲಿಂಡರ್ ಎಂಜಿನ್‌ನಲ್ಲಿ ಬಿಡಿಭಾಗ ಕಡಿಮೆ, ರಿಪೇರಿ ಸುಲಭ, ಆದರೆ ನಡುಕ ಹೆಚ್ಚು. ಮೂರು ಸಿಲಿಂಡರ್ ನಯವಾಗಿ ಓಡುತ್ತದೆ, ದಿನವಿಡೀ ಕೂತರೂ ಬೆನ್ನಿಗೆ ಆರಾಮ. ನಾಲ್ಕು ಚಕ್ರ ಚಾಲನೆ ಒದ್ದೆ ಮಣ್ಣಿನಲ್ಲಿ ಜಾರುವುದನ್ನು ತಡೆಯುತ್ತದೆ, ಬೆಲೆಯೂ ಏರುತ್ತದೆ.

ಎಚ್‌ಪಿ ಒಂದನ್ನೇ ನೋಡಬಾರದು ಎನ್ನುವುದಕ್ಕೆ ಉದಾಹರಣೆ ಇಲ್ಲಿದೆ. ಕಂಪನಿಗಳೇ ಕೊಟ್ಟ ಪಟ್ಟಿಯಲ್ಲಿ 15 ಎಚ್‌ಪಿಯ ಯುವರಾಜ್ ಹಿಂಬದಿಯ ಹೈಡ್ರಾಲಿಕ್‌ನಿಂದ 778 ಕೆ.ಜಿ. ಎತ್ತುತ್ತದೆ, 18.5 ಎಚ್‌ಪಿಯ ವಿಎಸ್‌ಟಿ 500 ಕೆ.ಜಿ. ಎತ್ತುತ್ತದೆ. ರೋಟವೇಟರ್ ತಿರುಗಿಸುವುದು ಪಿಟಿಒ ಎಂಬ ಹಿಂಬದಿಯ ಶಾಫ್ಟ್. ಅಲ್ಲಿಗೆ ತಲುಪುವ ಶಕ್ತಿ ಎಂಜಿನ್ ಶಕ್ತಿಗಿಂತ ಯಾವಾಗಲೂ ಕಡಿಮೆ. ಹಾಗಾಗಿ ಪಿಟಿಒ ಎಚ್‌ಪಿ ಎಷ್ಟು ಎಂದು ಕೇಳಬೇಕು.

ಗಟ್ಟಿತನವನ್ನು ಬಣ್ಣ ನೋಡಿ ಹೇಳಲಾಗದು. ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸುತ್ತದೆ. ಪಿಟಿಒ ಶಕ್ತಿ, ಡೀಸೆಲ್ ಖರ್ಚು, ಬ್ರೇಕ್, ನಡುಕ ಎಲ್ಲವೂ ಅದರ ವರದಿಯಲ್ಲಿ ಇರುತ್ತದೆ. ಡೀಲರ್ ಬಳಿ ಆ ವರದಿ ಕೇಳಿ ಓದಬೇಕು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್ ಇದ್ದರೆ ಕೆಸರು ಧೂಳು ತಾಗದೆ ಹೆಚ್ಚು ಕಾಲ ಬಾಳುತ್ತದೆ. ಸರ್ವಿಸ್ ಸೆಂಟರ್ ಎಷ್ಟು ದೂರ ಎನ್ನುವುದೂ ಮುಖ್ಯ. ಸೊಪ್ಪಿಗಾಗಿ ಹುಳು ಕಾಯುವುದಿಲ್ಲ.

ನಮ್ಮ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 4 ಲಕ್ಷ ರೂಪಾಯಿ ಬೆಲೆಯ ಗಾಡಿಗೆ 28,000 ರೂಪಾಯಿ ಉಳಿತಾಯ. ಆದರೂ ಕೊಳ್ಳುವುದು ಲಾಭವೇ?

ಲೆಕ್ಕಕ್ಕಾಗಿ ಕೆಲವು ಅಂಕಿ ಇಟ್ಟುಕೊಂಡೆ. ಗಾಡಿಗೆ ಒಟ್ಟು 4.5 ಲಕ್ಷ, ಹತ್ತು ವರ್ಷದ ನಂತರ ಮಾರಿದರೆ 50,000. ಅಂದರೆ ಸವಕಳಿ ವರ್ಷಕ್ಕೆ 40,000. ವಿಮೆ, ನಿರ್ವಹಣೆಗೆ 10,000. ಒಟ್ಟು ಸ್ಥಿರ ವೆಚ್ಚ 50,000. ಬಾಡಿಗೆಗೆ ತಂದರೆ ಗಂಟೆಗೆ 900, ಸ್ವಂತದ್ದಾದರೆ ಡೀಸೆಲ್, ಚಾಲಕ ಸೇರಿ 400. ಗಂಟೆಗೆ ಉಳಿಯುವುದು 500. 50,000ವನ್ನು 500ರಿಂದ ಭಾಗಿಸಿದರೆ 100 ಗಂಟೆ. ಇದೇ ನಾವು ಓದುವ ಬ್ರೇಕ್ ಈವನ್.

ಹಿಪ್ಪುನೇರಳೆಯಲ್ಲಿ ವರ್ಷಕ್ಕೆ ಐದು ಬೆಳೆ. ಪ್ರತಿ ಕಟಾವಿನ ನಂತರ ಮಾಮು ತೋಟಕ್ಕೆ ಎಂಟು ಗಂಟೆ ಕೆಲಸ ಎಂದರೂ 40 ಗಂಟೆ ಮಾತ್ರ. ಉಳಿದ 60 ಗಂಟೆ ಅಕ್ಕಪಕ್ಕದ ತೋಟಗಳಲ್ಲಿ ಬಾಡಿಗೆಗೆ ಓಡಿಸಬೇಕು. ಆ ಕೆಲಸ ಸಿಗುವ ಭರವಸೆ ಇದ್ದರೆ ಮಾತ್ರ ಕೊಳ್ಳಿ, ಇಲ್ಲದಿದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತನ್ನಿ ಎಂದು ಹೇಳಿದೆ. ನಾಲ್ಕು ವರ್ಷದ ಉಳಿತಾಯ ಶೆಡ್‌ನಲ್ಲಿ ಸುಮ್ಮನೆ ನಿಲ್ಲಬಾರದು. ಮಾಮು ಈಗ ಬ್ರ್ಯಾಂಡ್ ವಿಚಾರ ಬದಿಗಿಟ್ಟು ನೆರೆಯವರನ್ನು ಕೇಳುತ್ತಿದ್ದಾರೆ. ಇಬ್ಬರು ಒಪ್ಪಿದ್ದಾರೆ, ಇನ್ನೂ 20 ಗಂಟೆ ಕೆಲಸ ಬೇಕು.

ನವೆಂಬರ್ ಹೊತ್ತಿಗೆ ಹೆಬ್ಬಾಳದ ಆಚೆ ಜಿಕೆವಿಕೆಯಲ್ಲಿ ಕೃಷಿ ಮೇಳ ನಡೆಯುತ್ತದೆ. ಊರಿನಲ್ಲಿ ಜಮೀನು ಇರುವ ಗೆಳೆಯರು ಮನೆಯವರೊಂದಿಗೆ ಹೋಗಿ ಗಾಡಿಗಳನ್ನು ಹತ್ತಿ ಕೂತು ನೋಡಬಹುದು. ಟೇಪ್ ಮರೆಯಬೇಡಿ.