ಲಿಂಕ್ಡ್‌ಇನ್ ಪ್ರೊಫೈಲ್: ಮಾಡಿದ್ದನ್ನೇ ಬರೆಯೋಣ, ಬರೆದದ್ದಕ್ಕೆ ಉತ್ತರ ಕೊಡೋಣ

ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಾಸ್ಟೆಲಿನಲ್ಲಿ ಒಂದು ಜ್ವರ ಶುರುವಾಗುತ್ತೆ. ಯಾರೋ ಒಬ್ಬ ಬಂದು, "ಲೋ, ಪ್ಲೇಸ್‌ಮೆಂಟ್ ಹತ್ರ ಬಂತು, ಇನ್ನೂ ಲಿಂಕ್ಡ್‌ಇನ್ ಮಾಡ್ಕೊಂಡಿಲ್ವೇನೋ?" ಅಂತಾನೆ. ಅವತ್ತು ರಾತ್ರಿ ಇಡೀ ಕಾರಿಡಾರ್ ಕೂತು ಅಕೌಂಟ್ ತೆರೆಯುತ್ತದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಬರೆಯುತ್ತಾನೆ, ಥೇಟ್ ಲ್ಯಾಬ್ ರೆಕಾರ್ಡ್ ಥರ. ಬೆಳಗಾಗುವಷ್ಟರಲ್ಲಿ ಎಲ್ಲರೂ "ಆಸ್ಪೈರಿಂಗ್ ಸಾಫ್ಟ್‌ವೇರ್ ಎಂಜಿನಿಯರ್"! ನಾವೂ ಹಾಗೇ ಮಾಡಿದವರು. ಅದರಿಂದ ಏನು ಕಳ್ಕೊಂಡ್ವಿ, ಆಮೇಲೆ ಏನು ಕಲಿತ್ವಿ ಅನ್ನೋದೇ ಈ ಲೇಖನ.

ನಮ್ಮ ಗೆಳೆಯನೊಬ್ಬ ಸ್ಕಿಲ್ಸ್ ಪಟ್ಟಿಯಲ್ಲಿ "ಮಷಿನ್ ಲರ್ನಿಂಗ್" ಅಂತ ಹಾಕಿದ್ದ. ದುಡ್ಡು ಕೊಟ್ಟು ತಂದಿದ್ದ ಪ್ರಾಜೆಕ್ಟ್ ಒಂದು ಅದಕ್ಕೆ ಆಧಾರ. ಇಂಟರ್‌ವ್ಯೂನಲ್ಲಿ ಎದುರಿಗಿದ್ದವರು ಅವನ ಪ್ರೊಫೈಲನ್ನೇ ತೆರೆದಿಟ್ಟುಕೊಂಡು, "ಟ್ರೇನಿಂಗ್ ಡೇಟಾ ಎಲ್ಲಿಂದ ತಂದ್ರಿ?" ಅಂತ ಕೇಳಿದರು. ಇವನ ಬಾಯಿ ಕಟ್ಟಿಹೋಯಿತು. ಬೇಜಾರಿನ ಸಂಗತಿ ಏನಂದ್ರೆ, ಅವನಿಗೆ ಸಿ ಪ್ರೋಗ್ರಾಮಿಂಗ್ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ಯಾಕಂದ್ರೆ ಅವನು ಅದನ್ನು ಬರೆದೇ ಇರಲಿಲ್ಲ.

ಬ್ರ್ಯಾಂಡ್ ಅಂದ್ರೆ ಏನು?

ಲಿಂಕ್ಡ್‌ಇನ್ ಶುರುವಾಗಿದ್ದು 2003ರಲ್ಲಿ. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. "ನೀವೇ ಒಂದು ಬ್ರ್ಯಾಂಡ್" ಅನ್ನುವ ಮಾತು ಅದಕ್ಕಿಂತ ಹಳೆಯದು. 1997ರಲ್ಲಿ ಅಮೆರಿಕದ ಟಾಮ್ ಪೀಟರ್ಸ್ ಪತ್ರಿಕೆಯೊಂದಕ್ಕೆ ಬರೆದ ಲೇಖನದಿಂದ ಈ ವಿಚಾರ ಎಲ್ಲೆಡೆ ಹಬ್ಬಿತು.

ಹೆಸರು ಹೊಸದಿರಬಹುದು, ವಿಷಯ ನಮಗೆ ಹೊಸದಲ್ಲ. "ಆ ಮೇಸ್ತ್ರಿ ಕಟ್ಟಿದ ಮನೆ ಸೋರಲ್ಲ" ಅಂತ ಊರಲ್ಲಿ ಹೇಳ್ತಾರಲ್ಲ, ಬ್ರ್ಯಾಂಡ್ ಅಂದ್ರೆ ಅದೇ. ಮೇಸ್ತ್ರಿ ತನ್ನ ಬಗ್ಗೆ ತಾನು ಹೇಳಿಕೊಂಡ ಮಾತಲ್ಲ ಅದು, ಸೋರದ ಮನೆ ನೋಡಿದವರು ಆಡಿದ ಮಾತು. ನಮ್ಮ ಪ್ರೊಫೈಲ್ ಕೂಡ ಹಾಗೇ ಇರಬೇಕು. ನಮ್ಮನ್ನು ನಾವೇ ಹೊಗಳಿಕೊಳ್ಳುವ ಬದಲು, ಕಟ್ಟಿದ ಮನೆ ತೋರಿಸಿದರೆ ಸಾಕು.

ಮೊದಲು ಕಣ್ಣಿಗೆ ಬೀಳುವ ಸಾಲು

ಹುಡುಕಿದಾಗ ಮೊದಲು ಕಾಣುವುದು ಮೂರೇ: ಫೋಟೊ, ಹೆಸರು, ಅದರ ಕೆಳಗಿನ ಹೆಡ್‌ಲೈನ್. ಫೋಟೊಗೆ ಸ್ಟುಡಿಯೊ ಬೇಕಿಲ್ಲ. ಹಗಲು ಬೆಳಕಲ್ಲಿ, ಖಾಲಿ ಗೋಡೆಯ ಮುಂದೆ, ಮುಖ ಸರಿಯಾಗಿ ಕಾಣುವಂತೆ ರೂಮ್‌ಮೇಟ್ ಕೈಲಿ ತೆಗೆಸಿದರೆ ಆಯ್ತು. ಅಣ್ಣನ ಮದುವೆ ಗ್ರೂಪ್ ಫೋಟೊದಿಂದ ಕತ್ತರಿಸಿ, ಹೆಗಲ ಮೇಲೆ ಇನ್ಯಾರದೋ ಕೈ ಉಳಿದಿರೋದು ಬೇಡ!

ಹೆಡ್‌ಲೈನ್‌ಗೆ 220 ಅಕ್ಷರಗಳ ಮಿತಿ ಇದೆ. ಕಂಪನಿಯವರು ಜನರನ್ನು ಹುಡುಕುವುದು ಕೆಲಸದ ಪದಗಳಿಂದ. "ಹಾರ್ಡ್‌ವರ್ಕಿಂಗ್" ಅಂತ ಯಾರೂ ಹುಡುಕಲ್ಲ. ಏನು ಓದ್ತಿದ್ದೀರಿ, ಯಾವ ಉಪಕರಣ ಗೊತ್ತು, ಏನು ಮಾಡಿದ್ದೀರಿ ಅನ್ನೋ ಮೂರು ಇದ್ದರೆ ಸಾಕು. ಉದಾಹರಣೆಗೆ: "ಇಸಿ ವಿದ್ಯಾರ್ಥಿ | ಎಂಬೆಡೆಡ್ ಸಿ, ಆರ್ಡುಯಿನೊ | ತೋಟದ ಪಂಪ್‌ಸೆಟ್‌ಗೆ ಜಿಎಸ್‌ಎಂ ಕಂಟ್ರೋಲರ್ ಕಟ್ಟಿದ್ದೇನೆ."

ಸಣ್ಣ ಕೆಲಸವೂ ಕೆಲಸವೇ

ಆ ಕಂಟ್ರೋಲರ್ ಕಟ್ಟಿದವಳು ನಮ್ಮ ಜೂನಿಯರ್. ಅವಳ ಊರಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗ ಬರುತ್ತೋ ಗೊತ್ತಾಗಲ್ಲ. ಅಪ್ಪ ಬ್ಯಾಟರಿ ಹಿಡ್ಕೊಂಡು ತೋಟಕ್ಕೆ ಹೋಗಿ ಕಾಯಬೇಕು. ಕರೆಂಟು ಬಂದ ತಕ್ಷಣ ಮೊಬೈಲಿಗೆ ಮೆಸೇಜ್ ಕಳಿಸುವ ಸಣ್ಣದೊಂದು ಪೆಟ್ಟಿಗೆ ಮಾಡಿದಳು. "ಅಯ್ಯೋ, ಇಂಥದ್ದು ಅಂಗಡೀಲೇ ಸಿಗುತ್ತೆ, ಇದನ್ನೇನು ಬರೆಯೋದು?" ಅಂತ ಪ್ರೊಫೈಲಿಗೆ ಹಾಕಿರಲಿಲ್ಲ. ಹಾಕಿದ್ದು ಮಾತ್ರ ಒಂದೊಂದು ಗಂಟೆಯ ಹನ್ನೆರಡು ಆನ್‌ಲೈನ್ ಸರ್ಟಿಫಿಕೇಟ್!

ಕೂತು ಅದನ್ನು ನಾಲ್ಕು ಸಾಲಲ್ಲಿ ಬರೆಸಿದೆವು. ಸಮಸ್ಯೆ ಏನಿತ್ತು? ತಾನು ಏನು ಮಾಡಿದಳು? ಏನು ಕೈಕೊಟ್ಟಿತು? ಹೇಗೆ ಸರಿಮಾಡಿದಳು? ಮೊದಲ ಮಳೆಗೇ ಪೆಟ್ಟಿಗೆಯೊಳಗೆ ನೀರು ಹೋಗಿ ಬೋರ್ಡ್ ಸುಟ್ಟಿದ್ದು, ಆಮೇಲೆ ಬಾಕ್ಸ್ ಬದಲಿಸಿದ್ದು ಎಲ್ಲವನ್ನೂ ಬರೆದಳು. ಫೋಟೊ ಮತ್ತು ಗಿಟ್‌ಹಬ್ ಕೊಂಡಿಯನ್ನು "ಫೀಚರ್ಡ್" ವಿಭಾಗದಲ್ಲಿ ಹಾಕಿದಳು. ಸೋತದ್ದನ್ನು ಬರೆಯೋದಕ್ಕೆ ಹೆದರಬೇಡಿ. ಬೋರ್ಡ್ ಸುಟ್ಟ ಕಥೆ ಹೇಳಲು ಬರುವುದು ಬೋರ್ಡ್ ಮುಟ್ಟಿದವರಿಗೆ ಮಾತ್ರ.

"ಅಬೌಟ್" ವಿಭಾಗಕ್ಕೆ 2,600 ಅಕ್ಷರಗಳ ಜಾಗ ಇದೆ, ಹಾಗಂತ ತುಂಬಿಸಲೇಬೇಕಿಲ್ಲ. ಇಂಗ್ಲಿಷ್ ಭಯ ಇದ್ದರೆ ಮೊದಲು ಕನ್ನಡದಲ್ಲೇ ಯೋಚಿಸಿ ಆರು ವಾಕ್ಯ ಬರೆಯಿರಿ, ಆಮೇಲೆ ಸರಳ ಇಂಗ್ಲಿಷಿಗೆ ತನ್ನಿ. ಎಐ ಕೈಲಿ ತಿದ್ದಿಸಿದರೂ, ಅದು ಸೇರಿಸಿದ ಪ್ರತಿ ಪದಕ್ಕೂ ಉತ್ತರ ಕೊಡಬೇಕಾದವರು ನೀವೇ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಹಾಕೋದನ್ನ ಮರೀಬೇಡಿ. ಮೊಬೈಲ್ ಆ್ಯಪ್‌ನಲ್ಲಿ ನಮ್ಮ ಹೆಸರನ್ನು ನಮ್ಮದೇ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡುವ ಸೌಲಭ್ಯವೂ ಇದೆ. ಹೆಸರಲ್ಲಿ ಳ, ಣ ಇರೋರು ಖಂಡಿತ ಬಳಸಿ!

ದೂರದ ಪರಿಚಯದ ಬೆಲೆ

1973ರಲ್ಲಿ ಮಾರ್ಕ್ ಗ್ರನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಒಂದು ಸ್ವಾರಸ್ಯದ ವಿಚಾರ ಮುಂದಿಟ್ಟರು. ಹೊಸ ಕೆಲಸದ ಸುದ್ದಿ ಆಪ್ತ ಗೆಳೆಯರಿಗಿಂತ ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ ಬರುವುದೇ ಹೆಚ್ಚು. ಕಾರಣ ಸರಳ: ರೂಮ್‌ಮೇಟ್‌ಗೆ ಗೊತ್ತಿರೋದೆಲ್ಲ ನಮಗೂ ಗೊತ್ತಿರುತ್ತೆ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನವೂ ಇದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ತೀರಾ ಅಪರಿಚಿತರೂ ಅಲ್ಲದ, ತೀರಾ ಆಪ್ತರೂ ಅಲ್ಲದ ನಡುವಿನ ನಂಟೇ ಹೆಚ್ಚು ಉಪಯೋಗಕ್ಕೆ ಬಂದಿತ್ತು.

ನಮಗೆ ಅಂಥ ನಂಟು ಅಂದ್ರೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ಕಾಲೇಜಿನ ಪೇಜ್‌ನಲ್ಲಿ "ಅಲುಮ್ನಿ" ಒತ್ತಿದರೆ ಯಾರು ಯಾವ ಊರಲ್ಲಿ, ಯಾವ ಕಂಪನಿಯಲ್ಲಿದ್ದಾರೆ ಅಂತ ಕಾಣುತ್ತೆ. ಆದರೆ ಕನೆಕ್ಟ್ ಆದ ಮರುಕ್ಷಣವೇ "ಸರ್, ಜಾಬ್ ಇದ್ರೆ ಹೇಳಿ" ಅನ್ನಬೇಡಿ. ಹೀಗೆ ಬರೆದು ನೋಡಿ: "ನಮಸ್ಕಾರ ಮೇಡಂ, ನಾನು ನಿಮ್ಮದೇ ವಿಭಾಗದಲ್ಲಿ ಮೂರನೇ ವರ್ಷ ಓದ್ತಿದ್ದೀನಿ. ನೀವು ಕಾಲೇಜಿಂದ ನೇರ ವಿಎಲ್‌ಎಸ್‌ಐಗೆ ಹೋಗಿದ್ದು ನೋಡಿದೆ. ಮೊದಲು ಯಾವ ವಿಷಯ ಗಟ್ಟಿ ಮಾಡ್ಕೋಬೇಕು ಅಂತ ಹೇಳ್ತೀರಾ?" ಒಂದೇ ಪ್ರಶ್ನೆ, ಎರಡು ನಿಮಿಷದಲ್ಲಿ ಉತ್ತರಿಸುವಂಥದ್ದು. ಹತ್ತು ಜನರಲ್ಲಿ ಏಳು ಜನ ಉತ್ತರಿಸದಿದ್ದರೂ ಬೇಸರ ಬೇಡ, ಉಳಿದ ಮೂವರು ಸಾಕು.

ಸ್ವಲ್ಪ ಹುಷಾರು

ಕೆಲಸ ಕೊಡಿಸ್ತೀವಿ ಅಂತ ರಿಜಿಸ್ಟ್ರೇಷನ್ ಫೀಸು, ಡೆಪಾಸಿಟ್ಟು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಅಂಕಪಟ್ಟಿ, ಆಧಾರ್ ಇರುವ ಫೋಟೊ ಹಾಕಬೇಡಿ. ಇಂಟರ್ನ್‌ಶಿಪ್ ಮಾಡಿದ ಕಡೆಯ ಕೋಡ್ ಅಥವಾ ಡ್ರಾಯಿಂಗನ್ನು ಕೇಳದೆ ಹಂಚಬೇಡಿ.

ಇನ್ನೊಂದು ಮಾತು. ದಿನಾ ಅಲ್ಲಿ ಯಾರಿಗೋ ಆಫರ್ ಬಂದ ಪೋಸ್ಟ್ ನೋಡಿ ನೋಡಿ ನಾವು ಹಿಂದೆ ಬಿದ್ವೇನೋ ಅನ್ನಿಸಬಹುದು. ಬಂದ ಆಫರ್ ಬಗ್ಗೆ ಎಲ್ಲರೂ ಬರೀತಾರೆ, ಅದಕ್ಕೂ ಮುಂಚೆ ರಿಜೆಕ್ಟ್ ಆಗಿದ್ದನ್ನ ಬರೆಯೋರು ಕಡಿಮೆ. ಹಾಗನ್ನಿಸಿದ ದಿನ ಆ್ಯಪ್ ಮುಚ್ಚಿ ಕ್ಯಾಂಟೀನಿಗೆ ಬನ್ನಿ, ನಾವು ಅಲ್ಲೇ ಇರ್ತೀವಿ.

ಸರಿ, ಇವತ್ತು ರಾತ್ರಿ ಒಂದೇ ಕೆಲಸ ಮಾಡೋಣ. ಪ್ರೊಫೈಲ್ ತೆರೆದು ಪ್ರತಿ ಸಾಲಿಗೂ "ಇದರ ಬಗ್ಗೆ ಐದು ನಿಮಿಷ ಮಾತಾಡೋಕೆ ಬರುತ್ತಾ?" ಅಂತ ಕೇಳ್ಕೊಳ್ಳೋಣ. ಬರಲ್ಲ ಅಂದ್ರೆ ಅಳಿಸೋಣ. ಮಾತಾಡೋಕೆ ಬರೋದು ಏನಾದ್ರೂ ಬಿಟ್ಟುಹೋಗಿದ್ರೆ, ಅದನ್ನು ಸೇರಿಸೋಣ.